ಒಂದೇ ಮಡಿ, ಎರಡು ಹವೆ

ಏರುಮಡಿಯ, ಅಂದರೆ ನೆಲದಿಂದ ಎತ್ತರಿಸಿ ಕಟ್ಟಿದ ಪಾತಿಯ, ಗಿಡ ಬಾಡುತ್ತಿದೆ ಎಂದು ಯಾರಾದರೂ ಕರೆದರೆ ನಾನು ಮೊದಲು ಎಲೆ ನೋಡುವುದಿಲ್ಲ, ಮಣ್ಣಿಗೆ ಬೆರಳು ಇಳಿಸುತ್ತೇನೆ. ಮಡಿಯ ನಡುವೆ ಒಮ್ಮೆ, ಬಿಸಿಲು ಹೊಡೆಯುವ ಅಂಚಿನಲ್ಲಿ ಇನ್ನೊಮ್ಮೆ. ಎಷ್ಟೋ ಸಲ ನಡುವೆ ಒಳ್ಳೆಯ ತೇವ, ಅಂಚಿನಲ್ಲಿ ಬೂದಿಯಂಥ ಪುಡಿಮಣ್ಣು. ನೀರು ಹಾಕುವವರು ನಡುವನ್ನಷ್ಟೇ ಮುಟ್ಟಿ ಸುಮ್ಮನಾಗಿರುತ್ತಾರೆ.

ನೆಲದಿಂದ ಮೇಲೆದ್ದ ಮಣ್ಣಿಗೆ ಬಿಸಿಲೂ ಗಾಳಿಯೂ ಪಕ್ಕದಿಂದಲೂ ತಾಗುತ್ತವೆ. ಚಳಿ ಕಳೆಯುತ್ತಲೇ ಏರುಮಡಿ ನೆಲಕ್ಕಿಂತ ಬೇಗ ಬೆಚ್ಚಗಾಗುವುದು, ಮಳೆನೀರು ನಿಲ್ಲದೆ ಬಸಿದುಹೋಗುವುದು ಇದರಿಂದಲೇ. ಬೇಸಿಗೆಯಲ್ಲಿ ಅದೇ ಗುಣ ತಿರುಗಿ ಬೀಳುತ್ತದೆ. ಮಡಿಯ ಸುತ್ತ ತಗಡು ಕಟ್ಟಿದ್ದರೆ ಕೇಳುವುದೇ ಬೇಡ. ದಪ್ಪ ಹಲಗೆ ಕಾವನ್ನು ಅಷ್ಟು ಸುಲಭವಾಗಿ ಒಳಗೆ ಬಿಡುವುದಿಲ್ಲ. ಮಣ್ಣು ಸುಮಾರು 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಲೆಟ್ಯೂಸ್‌ನ ಅನೇಕ ತಳಿಗಳು ಮೊಳೆಯುವುದೇ ಇಲ್ಲ. ಬೀಜ ಹಳೆಯದೆಂದು ಬೈಯುವ ಮೊದಲು ಮಣ್ಣಿಗೊಂದು ಥರ್ಮಾಮೀಟರ್ ಚುಚ್ಚಿ ನೋಡಿ.

ಗೋಡೆ ಪಕ್ಕದ ಮಡಿಯದ್ದು ಬೇರೆಯೇ ಕಥೆ. ಪಡುವಣಕ್ಕೆ ಮುಖ ಮಾಡಿದ ಗೋಡೆ ಮಧ್ಯಾಹ್ನದ ಕಾವನ್ನೆಲ್ಲ ಹೀರಿಕೊಂಡು ಇರುಳಿಗೆ ಬಿಡುತ್ತದೆ. ಚಳಿ ಊರಿಗೆ ಅದು ವರ. ಸೆಕೆಯ ದಿನಗಳಲ್ಲಿ ಟೊಮೆಟೊ ಅಲ್ಲಿ ಹೂವನ್ನೇನೋ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ. ಇರುಳು ಸಾಕಷ್ಟು ತಣಿಯದಿದ್ದರೆ ಹೂ ಉದುರಿಹೋಗುತ್ತದೆ. ಸೂರಿನಡಿಯ ಮಡಿಗೆ ಸುರಿಮಳೆಯಲ್ಲೂ ನೀರು ಹಾಕಬೇಕಾಗುತ್ತದೆ, ಇದನ್ನು ನಂಬಿಸುವುದೇ ಕಷ್ಟ.

ತಣ್ಣನೆಯ ಗಾಳಿ ಭಾರ. ಇರುಳಲ್ಲಿ ಇಳಿಜಾರು ಹಿಡಿದು ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಇಳಿಜಾರಿಗೆ ಅಡ್ಡಲಾಗಿ ಗೋಡೆ ಕಟ್ಟಿದರೆ ಅದಕ್ಕೆ ಅಣೆಕಟ್ಟು ಹಾಕಿದಂತೆ. ಅಂಥ ಕಡೆ ಮಡಿಯನ್ನು 30 ಸೆಂಟಿಮೀಟರ್ ಎತ್ತರಿಸಿದ ಮಾತ್ರಕ್ಕೆ ಹಿಮ ಬಿಟ್ಟುಹೋಗದು. ಬೀಸುಗಾಳಿಗೂ ಗಟ್ಟಿ ಗೋಡೆ ಮದ್ದಲ್ಲ, ಅದರ ಮೇಲಿಂದ ಹಾರಿದ ಗಾಳಿ ಆಚೆ ಸುಳಿಯಾಗುತ್ತದೆ. ಅರ್ಧದಷ್ಟು ಸಂದಿ ಇರುವ ಬೇಲಿ ಗಾಳಿಯನ್ನು ಸೋಸಿ ನಿಧಾನಿಸುತ್ತದೆ, ತನ್ನ ಎತ್ತರದ ಸುಮಾರು 10 ಪಟ್ಟು ದೂರದವರೆಗೂ.

ಮೊದಲು ಹೇಳಿದಂಥ ಮಡಿಗಳನ್ನು ಕಿತ್ತು ಕಟ್ಟಬೇಕಿಲ್ಲ. ಹನಿ ನೀರಿನ ಒಂದು ಪೈಪನ್ನು ಬಿಸಿಲಿನ ಅಂಚಿಗೆ ಸರಿಸುತ್ತೇನೆ, ಒಣಹುಲ್ಲಿನ ಹೊದಿಕೆಯನ್ನು ನಡುವಿಗಿಂತ ಅಲ್ಲಿ ದಪ್ಪ ಹಾಕಿಸುತ್ತೇನೆ. ಮಡಿಯಿಂದಾಚೆ ಇಳಿಬೀಳುವ ಬಳ್ಳಿಯೊಂದನ್ನು ಅದೇ ಅಂಚಿಗೆ ನೆಟ್ಟರೆ ತಿಂಗಳೊಪ್ಪತ್ತಿನಲ್ಲಿ ಹಲಗೆಗೆ ನೆರಳು ಅದೇ ಕೊಡುತ್ತದೆ.