ಸೊಂಟ ಹಿಡಿದ ಮೇಲೆ ಬಾರ್ ಮುಟ್ಟಬಹುದಾ?

ಸೊಂಟ ನೋವು ಅಂತ ಡಾಕ್ಟರ ಹತ್ತಿರ ಹೋದರೆ ಎದ್ದು ಬರುವ ಹೊತ್ತಿಗೆ ಒಂದು ಮಾತು ಬರುತ್ತದೆ: 'ಇನ್ನು ಮೇಲೆ ಭಾರ ಎತ್ತಬೇಡಿ.' ಜಿಮ್ ಕಡೆ ತಲೆ ಹಾಕದವರಿಗೆ ಇದು ಸುಲಭದ ಮಾತು. ಡೆಡ್‌ಲಿಫ್ಟ್‌ನ ರುಚಿ ಹತ್ತಿದವರಿಗೆ ಕಷ್ಟ. ಎರಡೂ ತುದಿಗೆ ತೂಕದ ಪ್ಲೇಟ್ ಹಾಕಿದ ಬಾರನ್ನು, ಅಂದರೆ ಕಬ್ಬಿಣದ ಸಲಾಕೆಯನ್ನು, ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದೇ ಡೆಡ್‌ಲಿಫ್ಟ್. ಒಂದಿಷ್ಟು ದಿನ ಸುಮ್ನಿರುತ್ತಾರೆ. ನೋವು ಸ್ವಲ್ಪ ಇಳಿದ ಕೂಡಲೇ ಹೋಗಿ ಹಳೇ ತೂಕವನ್ನೇ ಬಾರ್‌ಗೆ ಹಾಕುತ್ತಾರೆ. ಮತ್ತೆ ಹಿಡಿದುಕೊಳ್ಳುತ್ತದೆ. 'ಆಗಲೇ ಹೇಳಿರಲಿಲ್ವಾ?' ಅಂತ ಮನೆಯವರೂ ದನಿಗೂಡಿಸುತ್ತಾರೆ.

ಪೂರ್ತಿ ಬಿಡುವುದೂ ಎಡವಟ್ಟು, ಬಿಟ್ಟಲ್ಲಿಂದಲೇ ಹಿಡಿಯುವುದೂ ಎಡವಟ್ಟು. ಅಷ್ಟಕ್ಕೂ ಭಾರ ಎತ್ತದೆ ಬದುಕುವುದು ಯಾರಿಗೆ ಸಾಧ್ಯ? 20 ಲೀಟರ್ ನೀರು ತುಂಬಿದ ಬಕೆಟ್ ಅಂದರೆ 20 ಕೆಜಿ. ಮಲಗಿದ ಮಗುವನ್ನು ಎತ್ತಿಕೊಳ್ಳುವಾಗ ಮೈ ಸರಿಯಾದ ಭಂಗಿಯಲ್ಲಿದೆಯಾ ಅಂತ ಯಾರೂ ನೋಡಿಕೊಳ್ಳುವುದಿಲ್ಲ. ಜಿಮ್‌ನಲ್ಲಾದರೆ ಎಷ್ಟು ಎತ್ತುತ್ತಿದ್ದೇವೆ ಅನ್ನುವುದು ಪ್ಲೇಟಿನ ಮೇಲೇ ಬರೆದಿರುತ್ತದೆ. ನೊಂದ ಬೆನ್ನಿಗೆ ಬೇಕಾದ್ದು ಈ ಅಳತೆಯೇ ಅನ್ನುವುದು ನನ್ನ ವಾದ.

ಮೊದಲು ಒಳಗೆ ಏನಾಗುತ್ತದೆ ನೋಡೋಣ. 1999ರಲ್ಲಿ ಜರ್ಮನಿಯ ಉಲ್ಮ್ ನಗರದ ಸಂಶೋಧಕರು ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕ್ (ಬೆನ್ನುಮೂಳೆಯ ಎರಡು ಮಣಿಗಳ ನಡುವಿನ ಮೆತ್ತೆ) ಒಳಗೇ ಪುಟ್ಟ ಸೆನ್ಸರ್ ಇಟ್ಟು ಒತ್ತಡ ಅಳೆದರು. ಬೋರಲು ಮಲಗಿದಾಗ 0.1 ಮೆಗಾಪ್ಯಾಸ್ಕಲ್. ಸುಮ್ನೆ ನಿಂತಾಗ 0.5. ಬೆನ್ನು ಬಗ್ಗಿಸಿ 20 ಕೆಜಿ ಎತ್ತಿದಾಗ 2.3. ಅದೇ ಭಾರವನ್ನು ಮಂಡಿ ಮಡಚಿ ಎತ್ತಿದಾಗ 1.7. ಮೈಗೆ ಒತ್ತಿ ಹಿಡಿದು ನಿಂತಾಗ 1.1. ಒಬ್ಬನೇ ಮನುಷ್ಯನ ಲೆಕ್ಕ, ನಿಜ. ಆದರೂ ವಿಷಯ ಸ್ಪಷ್ಟವಾಗಿದೆ: 20 ಕೆಜಿ ಬದಲಾಗಲಿಲ್ಲ, ಒತ್ತಡ ಮಾತ್ರ ಅರ್ಧಕ್ಕಿಂತ ಕೆಳಗೆ ಬಂತು.

ಕಾರಣ ಶಾಲೆಯಲ್ಲಿ ಓದಿದ ಸನ್ನೆಕೋಲಿನ ಲೆಕ್ಕವೇ. ಬೆನ್ನನ್ನು ಎತ್ತಿ ನಿಲ್ಲಿಸುವ ಸ್ನಾಯುಗಳು ಬೆನ್ನುಮೂಳೆಯ ಮಧ್ಯದಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ಇವೆ. ಕೈಯಲ್ಲಿರುವ 20 ಕೆಜಿ 50 ಸೆಂಟಿಮೀಟರ್ ಮುಂದಿದೆ ಅಂದುಕೊಳ್ಳಿ. ಹತ್ತು ಪಟ್ಟು ದೂರ. ಅದನ್ನು ತಡೆದು ನಿಲ್ಲಿಸಲು ಸ್ನಾಯುಗಳು 200 ಕೆಜಿಯಷ್ಟು ಎಳೆಯಬೇಕು. ಬಾಗಿದ ಮೈಯ ಭಾರ ಬೇರೆ. ಈ ಎಳೆತವೆಲ್ಲ ಡಿಸ್ಕ್ ಮೇಲೆ ಒತ್ತಡವಾಗಿ ಕೂರುತ್ತದೆ. ಅದೇ ಭಾರವನ್ನು 25 ಸೆಂಟಿಮೀಟರ್‌ಗೆ ತನ್ನಿ, ಆ ಎಳೆತ 100 ಕೆಜಿಗೆ ಇಳಿಯುತ್ತದೆ. ಕೋಚ್‌ಗಳು 'ಬಾರ್ ಕಾಲಿಗೆ ತಾಗಿಕೊಂಡೇ ಮೇಲೆ ಬರಲಿ' ಅಂತ ಬಾಯಿ ನೋಯುವಷ್ಟು ಹೇಳುವುದು ಇದಕ್ಕೇ. ಬೆನ್ನು ಗೆರೆ ಎಳೆದಂತೆ ನೇರ ಇರಬೇಕು ಅನ್ನುವುದರ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ನೋಡಲು ನೇರವಾಗಿ ಕಾಣುವ ಬೆನ್ನೂ ಎತ್ತುವಾಗ ಒಳಗೆ ಒಂದಿಷ್ಟು ಬಾಗಿಯೇ ಇರುತ್ತದೆ. ಎತ್ತುವ ಮಧ್ಯದಲ್ಲಿ ಬೆನ್ನು ಇದ್ದಕ್ಕಿದ್ದಂತೆ ಜಾರಿ ಬಾಗಬಾರದು, ಅಷ್ಟೇ.

ಇಷ್ಟು ಒತ್ತಡವನ್ನು ಬೆನ್ನು ತಾಳುತ್ತದಾ? 1987ರಲ್ಲಿ ಸ್ವೀಡನ್ನಿನ ಸಂಶೋಧಕರು ಪವರ್‌ಲಿಫ್ಟರ್‌ಗಳ ಡೆಡ್‌ಲಿಫ್ಟ್ ಲೆಕ್ಕ ಹಾಕಿದಾಗ ಸೊಂಟದ ಮೂರನೇ ಮಣಿಯ ಮೇಲೆ ಬಿದ್ದ ಬಲ 36 ಸಾವಿರ ನ್ಯೂಟನ್ ದಾಟಿತ್ತು. ಮೂರೂವರೆ ಟನ್‌ಗೂ ಜಾಸ್ತಿ! ಇವರ ಬೆನ್ನುಮೂಳೆಯಲ್ಲಿ ಖನಿಜದ ಅಂಶ ಮಾಮೂಲಿ ಜನರಿಗಿಂತ ಹೆಚ್ಚಿತ್ತು. ವರ್ಷಗಟ್ಟಲೆ ಹಂತಹಂತವಾಗಿ ಬಿದ್ದ ಭಾರಕ್ಕೆ ಮೂಳೆ ಗಟ್ಟಿಯಾಗಿ ಒಗ್ಗಿಕೊಂಡಿತ್ತು. ಅಮೆರಿಕದ ಪವರ್‌ಲಿಫ್ಟರ್ ಲಮಾರ್ ಗ್ಯಾಂಟ್ ಅವರದ್ದು ಇನ್ನೂ ಸೋಜಿಗ. ಅವರ ಬೆನ್ನುಮೂಳೆ ಪಕ್ಕಕ್ಕೆ ಡೊಂಕು, ವೈದ್ಯರ ಭಾಷೆಯಲ್ಲಿ ಸ್ಕೋಲಿಯೋಸಿಸ್. 1985ರಲ್ಲಿ ಅವರು ತಮ್ಮ ಮೈತೂಕದ ಐದು ಪಟ್ಟು, ಅಂದರೆ ಸುಮಾರು 300 ಕೆಜಿ ಡೆಡ್‌ಲಿಫ್ಟ್ ಮಾಡಿದರು. ಹಾಗಂತ ಡೊಂಕು ಬೆನ್ನಿನವರೆಲ್ಲ ನಾಳೆಯೇ ಶುರು ಮಾಡಿ ಅಂತ ನಾನು ಹೇಳುತ್ತಿಲ್ಲ.

ತೊಡಕು ಇರುವುದು ವೇಗದಲ್ಲಿ. ಸ್ನಾಯುವಿಗೆ ರಕ್ತ ಧಾರಾಳ, ಬೇಗ ಚೇತರಿಸಿಕೊಳ್ಳುತ್ತದೆ. ಡಿಸ್ಕ್ ಹಾಗಲ್ಲ. ಅದರ ನಡುವೆ ನೀರು ತುಂಬಿದ ಲೋಳೆಯಂಥ ತಿರುಳು, ಸುತ್ತ ನಾರಿನ ಪದರಗಳು. ದೊಡ್ಡವರ ಡಿಸ್ಕ್ ಒಳಗೆ ರಕ್ತನಾಳಗಳು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಪೋಷಕಾಂಶವೆಲ್ಲ ಮೇಲಿನ, ಕೆಳಗಿನ ಮೂಳೆಯಿಂದ ಮೆಲ್ಲಗೆ ಜಿನುಗಿಯೇ ಬರಬೇಕು. ಹಾಗಾಗಿ ವಾಸಿಯಾಗುವುದೂ ಮೆಲ್ಲಗೆ. ನೋವು ನಿಂತಿತು ಅಂದರೆ ಎಲ್ಲ ಸರಿಹೋಯಿತು ಅಂತಲೂ ಅಲ್ಲ. ಆಸ್ಟ್ರೇಲಿಯಾದ ಜೂಲಿ ಹೈಡ್ಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಸೊಂಟ ಹಿಡಿದವರ ಬೆನ್ನನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿದರು. ನೋವಿದ್ದ ಕಡೆ ಮಲ್ಟಿಫಿಡಸ್ ಅನ್ನುವ ಆಳದ ಸ್ನಾಯು ಸಣ್ಣಗಾಗಿತ್ತು. ನೋವು ಹೋದ ಮೇಲೂ ಅದು ತಾನಾಗಿ ಮೊದಲಿನ ಗಾತ್ರಕ್ಕೆ ಬರಲಿಲ್ಲ. ಅದಕ್ಕೆಂದೇ ವ್ಯಾಯಾಮ ಮಾಡಿದವರಲ್ಲಿ ಬಂತು. ನೋವು ಇಳಿದ ಕೂಡಲೇ ಹಳೇ ತೂಕಕ್ಕೆ ಕೈ ಹಾಕಿದವರ ಗತಿ ಯಾಕೆ ಹಾಗಾಗುತ್ತದೆ ಅನ್ನುವುದಕ್ಕೆ ಇದೊಂದು ಸುಳಿವು.

ಇನ್ನು ಎಂಆರ್‌ಐ. ರಿಪೋರ್ಟಿನಲ್ಲಿ 'ಡಿಸ್ಕ್ ಬಲ್ಜ್', ಅಂದರೆ ಡಿಸ್ಕ್ ಅಂಚು ಹೊರಗೆ ಉಬ್ಬಿದೆ, ಅಂತ ಓದಿದ ಕೂಡಲೇ ಎಷ್ಟೋ ಜನಕ್ಕೆ ಕಾಲ ಕೆಳಗಿನ ನೆಲ ಕುಸಿದಂತಾಗುತ್ತದೆ. ಆದರೆ 1994ರಲ್ಲಿ ಬೆನ್ನುನೋವೇ ಇಲ್ಲದ 98 ಜನರ ಸ್ಕ್ಯಾನ್ ತೆಗೆದಾಗ ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ಶೇ. 36 ಮಾತ್ರ. ಅರ್ಧದಷ್ಟು ಜನಕ್ಕೆ ಎಲ್ಲೋ ಒಂದು ಕಡೆ ಬಲ್ಜ್ ಇತ್ತು! 2015ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ನೋವಿಲ್ಲದ 20ರ ಹರೆಯದವರಲ್ಲೇ ಶೇ. 30 ಮಂದಿಗೆ ಬಲ್ಜ್. 80ರವರಲ್ಲಿ ಶೇ. 84. ಚರ್ಮದ ಸುಕ್ಕಿನಂತೆ ಇದೂ ವಯಸ್ಸಿನ ಗುರುತು. ಪೂರ್ತಿ ಹೊರಚಾಚಿದ ಡಿಸ್ಕ್ ತುಣುಕನ್ನು ದೇಹದ ರಕ್ಷಣಾ ಕೋಶಗಳು ನಿಧಾನವಾಗಿ ಕರಗಿಸುವುದೂ ಉಂಟು. ಸಣ್ಣ ಬಲ್ಜ್‌ಗಿಂತ ದೊಡ್ಡ ತುಣುಕೇ ಹೀಗೆ ಕರಗುವ ಸಾಧ್ಯತೆ ಹೆಚ್ಚು. ಹಾಗಾಗಿ ಬಾರ್ ಮುಟ್ಟಬೇಕೋ ಬೇಡವೋ ಅನ್ನುವುದನ್ನು ಬರೀ ಸ್ಕ್ಯಾನ್ ನೋಡಿ ತೀರ್ಮಾನಿಸಲು ಆಗುವುದಿಲ್ಲ.

ಕೆಲವು ಲಕ್ಷಣ ಕಂಡರೆ ಮಾತ್ರ ಈ ಲೇಖನವನ್ನು ಇಲ್ಲಿಗೇ ಬಿಟ್ಟು ಆಸ್ಪತ್ರೆಗೆ ಓಡಿ. ಮೂತ್ರ ಕಟ್ಟಿಕೊಳ್ಳುವುದು, ಮಲಮೂತ್ರದ ಮೇಲೆ ಹಿಡಿತ ತಪ್ಪುವುದು, ತೊಡೆಗಳ ನಡುವೆ ಜೋಮು ಹಿಡಿಯುವುದು, ಎರಡೂ ಕಾಲು ಸೋಲುವುದು. ಇವು ತುರ್ತು, ಅವತ್ತೇ ತೋರಿಸಬೇಕು. ಪಾದ ಎತ್ತಲು ಬಾರದಿದ್ದರೆ, ಬೆನ್ನುನೋವಿನ ಜೊತೆ ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಬಿದ್ದು ಪೆಟ್ಟಾಗಿದ್ದರೆ, ಆಗಲೂ ತಡಮಾಡಬಾರದು.

ಇದ್ಯಾವುದೂ ಇಲ್ಲ ಅಂದರೆ ಮಂಚ ಹಿಡಿದು ಮಲಗುವುದರಿಂದ ಲಾಭವಿಲ್ಲ. 1995ರಲ್ಲಿ ಫಿನ್‌ಲ್ಯಾಂಡ್‌ನಲ್ಲಿ ಆಗಷ್ಟೇ ಸೊಂಟ ಹಿಡಿದವರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಎರಡು ದಿನ ಪೂರ್ತಿ ವಿಶ್ರಾಂತಿ. ಒಂದಕ್ಕೆ ಬೆನ್ನಿನ ವ್ಯಾಯಾಮ. ಇನ್ನೊಂದಕ್ಕೆ 'ಆದಷ್ಟು ಮಾಮೂಲಿ ಕೆಲಸ ಮಾಡಿಕೊಂಡಿರಿ' ಅಂದರು. ಬೇಗ ಚೇತರಿಸಿಕೊಂಡದ್ದು ಮಾಮೂಲಿ ಕೆಲಸ ಮಾಡಿಕೊಂಡಿದ್ದವರೇ. ಗಮನಿಸಿ, ಮೊದಲ ದಿನಗಳಲ್ಲಿ ವ್ಯಾಯಾಮವೂ ಇದಕ್ಕೆ ಸೋತಿತು. ನೋವು ಭುಗಿಲೆದ್ದಾಗಲೇ ಸ್ಟ್ರೆಚಿಂಗ್ ಶುರು ಮಾಡುವ ಆತುರದವರು ಇದನ್ನು ನೆನಪಿಡಬೇಕು.

ಆಮೇಲೆ ಬಾರ್‌ಗೆ ಮರಳುವುದು. ಸ್ವೀಡನ್ನಿನ ಉಮಿಯೋದಲ್ಲಿ ಬೆನ್ನುನೋವಿದ್ದವರಿಗೇ ಡೆಡ್‌ಲಿಫ್ಟ್ ಕಲಿಸಿ ನೋಡಿದ್ದಾರೆ. ಇನ್ನೊಂದು ಗುಂಪಿಗೆ ಭಾರವಿಲ್ಲದ ಹಗುರ ವ್ಯಾಯಾಮ ಕೊಟ್ಟರು. 2015ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಗುಂಪಿನ ನೋವು ಇಳಿದಿತ್ತು. ಡೆಡ್‌ಲಿಫ್ಟ್‌ನಿಂದ ಹೆಚ್ಚು ಲಾಭವಾದದ್ದು ಶುರುವಿನಲ್ಲೇ ನೋವು ಕಮ್ಮಿ ಇದ್ದವರಿಗೆ, ಬೆನ್ನಿನ ಸ್ನಾಯು ಹೆಚ್ಚು ಹೊತ್ತು ತಾಳುತ್ತಿದ್ದವರಿಗೆ. ಹಾಗಾಗಿ ನೋವು ಜೋರಾಗಿರುವಾಗ ಬಾರ್ ಬೇಡ. ನಡಿಗೆ, ಕಾಲಿನ ಹಗುರ ವ್ಯಾಯಾಮ, ಬೆಂಚಿಗೆ ಎದೆ ಒರಗಿಸಿ ಭಾರವನ್ನು ಮೈ ಕಡೆಗೆ ಎಳೆಯುವ ರೋ ಸಾಕು.

ನೋವು ಇಳಿದ ಮೇಲೂ ಬಾರನ್ನು ನೆಲದಿಂದ ಎತ್ತಬೇಕೆಂದೇನಿಲ್ಲ. ಬಾರ್ ಮಂಡಿಯ ಎತ್ತರಕ್ಕೆ ಬರುವಂತೆ ಪ್ಲೇಟುಗಳ ಕೆಳಗೆ ಬ್ಲಾಕ್ ಇಟ್ಟು ಅಲ್ಲಿಂದ ಎತ್ತಿ. ಬಗ್ಗುವುದು ಕಮ್ಮಿ, ಸೊಂಟದಿಂದ ಭಾರದ ದೂರವೂ ಕಮ್ಮಿ. ವಾರಗಳು ಕಳೆದಂತೆ ಬ್ಲಾಕ್ ತಗ್ಗಿಸುತ್ತಾ ಬನ್ನಿ. ಜಿಮ್‌ನಲ್ಲಿ ಟ್ರ್ಯಾಪ್ ಬಾರ್ ಇದ್ದರೆ ಇನ್ನೂ ಒಳ್ಳೆಯದು. ಅದರ ಚೌಕಟ್ಟಿನ ಒಳಗೆ ನಿಲ್ಲುವುದರಿಂದ ಭಾರ ಕಾಲಿನ ಮುಂದೆ ಇರದೆ ಪಕ್ಕಕ್ಕೆ ಬರುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ: ತೂಕ, ಇಲ್ಲವೇ ರೆಪ್ಸ್ (ಎಷ್ಟು ಸಲ ಎತ್ತುತ್ತೀರಿ ಅನ್ನುವುದು), ಇಲ್ಲವೇ ಬ್ಲಾಕಿನ ಎತ್ತರ. ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಕೆರಳಿತು ಅಂತ ಗೊತ್ತಾಗುವುದಿಲ್ಲ, ಅಲ್ವಾ?

ಬೆಳಗ್ಗೆ ಎದ್ದ ಕೂಡಲೇ ಎತ್ತುವ ಅಭ್ಯಾಸವಿದ್ದರೆ ಸಮಯ ಬದಲಿಸಿ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿಕೊಂಡು ಉಬ್ಬುತ್ತದೆ. ಬೆಳಗ್ಗೆ ನಾವು ಒಂದೆರಡು ಸೆಂಟಿಮೀಟರ್ ಎತ್ತರ ಇರುವುದೂ ಇದರಿಂದಲೇ. ಹೀಗೆ ನೀರು ತುಂಬಿದ ಡಿಸ್ಕ್ ಸುಲಭವಾಗಿ ಬಗ್ಗುವುದಿಲ್ಲ, ಬಗ್ಗಿಸಿದರೆ ಅದರ ಮೇಲಿನ ಒತ್ತಡ ಜಾಸ್ತಿ. ಎದ್ದು ಒಂದೆರಡು ಗಂಟೆ ಓಡಾಡಿದ ಮೇಲೆ ಹೋಗುವುದು ವಾಸಿ. ಎತ್ತುವಾಗ ಸೊಂಟಕ್ಕೆ ಬಿಗಿಯುವ ಬೆಲ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಟ್ಟೆಯೊಳಗಿನ ಒತ್ತಡ ಹೆಚ್ಚಿಸಲು ಅದು ನೆರವಾಗುತ್ತದೆ, ನೋವಿಗೆ ಮದ್ದಲ್ಲ.

ಎತ್ತುವಾಗ ಹತ್ತಕ್ಕೆ ಮೂರರಷ್ಟು ನೋವು ಬಂದು, ಮಾರನೇ ಬೆಳಗ್ಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಮುಂದುವರಿಸಬಹುದು ಅನ್ನುವುದು ಫಿಸಿಯೋಗಳು ಬಳಸುವ ಮಾಮೂಲಿ ಲೆಕ್ಕ. ನೋವು ಸೊಂಟ ಬಿಟ್ಟು ಕಾಲಿನ ಕೆಳಗೆ ಇಳಿಯುತ್ತಾ ಹೋದರೆ ಅದು ಕೆಟ್ಟ ಸೂಚನೆ. ಅವತ್ತಿನ ಸೆಟ್ ಅಲ್ಲಿಗೇ ನಿಲ್ಲಿಸಿ. ಕಾಲಿನಿಂದ ಮೇಲೆ ಸರಿದು ಸೊಂಟದಲ್ಲಷ್ಟೇ ಉಳಿದರೆ, ಸೊಂಟ ಸ್ವಲ್ಪ ಜಾಸ್ತಿ ನೋಯುತ್ತಿದ್ದರೂ, ಸಾಮಾನ್ಯವಾಗಿ ಸುಧಾರಿಸುತ್ತಿದೆ ಅಂತಲೇ ಅರ್ಥ. ನಡುವೆ ಒಮ್ಮೆ ಕೆರಳಿತು ಅಂತ ಶುರುವಿನಿಂದ ಶುರು ಮಾಡಬೇಕಿಲ್ಲ. ತೂಕವನ್ನು ಅರ್ಧಕ್ಕೆ ಇಳಿಸಿ, ಬ್ಲಾಕ್ ಒಂದು ಮೆಟ್ಟಿಲು ಏರಿಸಿ, ಎರಡು ಮೂರು ದಿನ ಬಿಟ್ಟು ಮತ್ತೆ ಎತ್ತಿ ನೋಡಿ.