ಐದು ಮೂಲೆಯ ದುಂಡು ತೂತು

ಮೂರು ಮಿಲಿಮೀಟರ್ ವ್ಯಾಸದ ತೂತು ಕೊರೆ ಎಂದು ಓಪನ್‌ಸ್ಕ್ಯಾಡ್‌ಗೆ ಬರೆದುಕೊಡಿ. ಬೇರೇನೂ ಹೇಳದಿದ್ದರೆ ಅದು ಐದು ಮೂಲೆಯ ತೂತು ಕೊರೆಯುತ್ತದೆ. ಮೂರು ಮಿಲಿಮೀಟರ್ ಸ್ಕ್ರೂ ಅದರೊಳಗೆ ಹೋಗುವುದಿಲ್ಲ.

ಓಪನ್‌ಸ್ಕ್ಯಾಡ್ ಘನಾಕೃತಿಗಳನ್ನು ರೂಪಿಸುವ ಮುಕ್ತ ತಂತ್ರಾಂಶ. ಇದರಲ್ಲಿ ಮೌಸ್ ಹಿಡಿದು ಗೆರೆ ಎಳೆಯುವ ಮಾತೇ ಇಲ್ಲ. ಪರದೆಯ ಒಂದು ಬದಿಯ ಎಡಿಟರ್‌ನಲ್ಲಿ ಆಜ್ಞೆ ಟೈಪ್ ಮಾಡಬೇಕು, ಇನ್ನೊಂದು ಬದಿಯಲ್ಲಿ ಆಕೃತಿ ಮೂಡುತ್ತದೆ. ಬಂಡವಾಳವೂ ಬಹಳವಿಲ್ಲ: ಪೆಟ್ಟಿಗೆ, ಗೋಳ, ಸಿಲಿಂಡರ್‌ನಂಥ ಕೆಲವು ಮೂಲ ಆಕಾರಗಳು, ಮತ್ತು ಅವನ್ನು ಕೂಡಿಸುವುದು, ಒಂದರಿಂದ ಇನ್ನೊಂದನ್ನು ಕಳೆಯುವುದು, ಎರಡಕ್ಕೂ ಸೇರಿದ ಭಾಗವನ್ನಷ್ಟೇ ಉಳಿಸಿಕೊಳ್ಳುವುದು. ಶಾಲೆಯಲ್ಲಿ ಕಲಿತ ಗಣಗಳ ಲೆಕ್ಕವೇ ಇಲ್ಲಿ ಮೂರು ಆಯಾಮಕ್ಕೆ ಬಂದಿದೆ. ಇದಕ್ಕೆ ಗಟ್ಟಿಯಾದ ಗಣಿತದ ತಳಹದಿ ಹಾಕಿದವರು 1970ರ ದಶಕದಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ಹರ್ಬರ್ಟ್ ವೋಲ್ಕರ್ ಮತ್ತು ಅರಿಸ್ಟೈಡಿಸ್ ರೆಕಿಶಾ. ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿ 1979ರಲ್ಲಿ ಶುರುವಾಗಿ 2004ರಲ್ಲಿ ಮುಕ್ತವಾದ ಬಿಆರ್‌ಎಲ್-ಕ್ಯಾಡ್ ಎಂಬ ತಂತ್ರಾಂಶ ಕೂಡ ಇದೇ ದಾರಿಯದು.

ನಮ್ಮ ತೂತಿಗೆ ಬರೋಣ. ಓಪನ್‌ಸ್ಕ್ಯಾಡ್‌ನಲ್ಲಿ ನಿಜವಾದ ವೃತ್ತವೇ ಇಲ್ಲ, ಇರುವುದೆಲ್ಲ ಬಹುಭುಜ. ಎಷ್ಟು ಭುಜ ಎಂದು ನಾವು ಹೇಳದಿದ್ದರೆ ಅದು ತನ್ನ ನಿಯಮ ಹಿಡಿಯುತ್ತದೆ: ಪ್ರತಿ ಭುಜ ಸುಮಾರು 2 ಮಿಲಿಮೀಟರ್‌ಗಿಂತ ಚಿಕ್ಕದಾಗಬಾರದು, ಭುಜಗಳು ಐದಕ್ಕಿಂತ ಕಡಿಮೆಯಾಗಬಾರದು. ತೂತಿನ ಸುತ್ತಳತೆ 9.42 ಮಿಲಿಮೀಟರ್. ಎರಡರಿಂದ ಭಾಗಿಸಿದರೆ 4.7, ಅಂದರೆ ಐದು ಭುಜ. ಮೂಲೆಗಳು ಮಾತ್ರ ವೃತ್ತದ ಮೇಲೆ ಕೂತು, ಭುಜಗಳು ಒಳಕ್ಕೆ ಸರಿದಿರುತ್ತವೆ. ಹಾಗಾಗಿ ಅದರೊಳಗೆ ಹಿಡಿಸುವ ದೊಡ್ಡ ವೃತ್ತದ ವ್ಯಾಸ ಬರೀ 2.43 ಮಿಲಿಮೀಟರ್. ಭುಜಗಳ ಸಂಖ್ಯೆಯನ್ನು 30 ಮಾಡಿದರೆ ಅದು 2.98ಕ್ಕೆ ಏರುತ್ತದೆ. ವ್ಯಾಸವನ್ನೇ ಒಂದಿಷ್ಟು ಹೆಚ್ಚಿಸಿ ಬರೆಯುವುದು ಕ್ಷೇಮ.

ಕಳೆಯುವ ಆಜ್ಞೆಗೂ ಇಂಥದೇ ತಕರಾರು. ಐದು ಮಿಲಿಮೀಟರ್ ದಪ್ಪದ ಪಟ್ಟಿಯಿಂದ ಸರಿಯಾಗಿ ಐದೇ ಮಿಲಿಮೀಟರ್ ಎತ್ತರದ ಸಿಲಿಂಡರ್ ಕಳೆದರೆ ಎರಡರ ಮೇಲ್ಮೈಗಳು ಒಂದೇ ಮಟ್ಟಕ್ಕೆ ಬರುತ್ತವೆ. ತೂತಿನ ಬಾಯಿ ತೆರೆದಿದೆಯೋ ಮುಚ್ಚಿದೆಯೋ ಎಂಬುದೇ ಚಿತ್ರದಲ್ಲಿ ತೀರ್ಮಾನವಾಗದೆ ಅಲ್ಲಿ ಮಿನುಗಾಟ ಕಾಣಿಸುತ್ತದೆ. ಪಳಗಿದವರು ಸಿಲಿಂಡರ್ ಅನ್ನು ಒಂದು ಮಿಲಿಮೀಟರ್ ಕೆಳಗಿನಿಂದ ಶುರು ಮಾಡಿ, ಎತ್ತರ ಏಳು ಎಂದು ಬರೆಯುತ್ತಾರೆ.

ಎಫ್5 ಒತ್ತಿದರೆ ಬರುವುದು ಗ್ರಾಫಿಕ್ಸ್ ಕಾರ್ಡ್ ತೋರಿಸುವ ಚಿತ್ರ ಮಾತ್ರ. ಮೇಲ್ಮೈಯನ್ನು ನಿಜಕ್ಕೂ ಲೆಕ್ಕ ಹಾಕುವುದು ಎಫ್6. ಹಿಂದೆ ಈ ಲೆಕ್ಕ ದಶಮಾಂಶದ ಅಂದಾಜಿಗೆ ಒಪ್ಪದೆ ನಿಖರ ಭಿನ್ನರಾಶಿಗಳಲ್ಲೇ ನಡೆಯುತ್ತಿತ್ತು. ತೂತುಗಳು ಜಾಸ್ತಿಯಿದ್ದರೆ ಚಹಾ ಕುಡಿದು ಬಂದರೂ ಮುಗಿದಿರುತ್ತಿರಲಿಲ್ಲ. ಈಚೆಗೆ ಸೇರಿಸಿರುವ ಮ್ಯಾನಿಫೋಲ್ಡ್ ಎಂಬ ಲೈಬ್ರರಿ (ಸಿದ್ಧ ಕೋಡ್‌ನ ಕಂತೆ) ಇದನ್ನು ಎಷ್ಟೋ ಪಾಲು ವೇಗಗೊಳಿಸಿದೆ.

ಪ್ರೋಗ್ರಾಮಿಂಗ್ ಬಲ್ಲವರನ್ನು ಕಾಡುವ ಸಂಗತಿ ಬೇರೆಯೇ ಇದೆ. ಅಗಲ 40 ಎಂದು ಮೇಲೆ ಬರೆದು, ಕೆಳಗೆಲ್ಲೋ 60 ಎಂದು ಬದಲಿಸಿದರೆ, ನಡುವಿನ ಸಾಲುಗಳಿಗೂ 60 ಅನ್ವಯಿಸುತ್ತದೆ. ಇಲ್ಲಿ ಸಾಲುಗಳು ಒಂದಾದ ಮೇಲೊಂದು ನಡೆಯುವ ಕೆಲಸಗಳಲ್ಲ, ಆಕೃತಿಯ ವಿವರಣೆ.

ಗಣಪತಿಯ ಸೊಂಡಿಲಿನ ಬಾಗು ತಿದ್ದಬೇಕಿದ್ದರೆ ಇದರ ಗೊಡವೆ ಬೇಡ, ಬ್ಲೆಂಡರ್ ಎಂಬ ಇನ್ನೊಂದು ತಂತ್ರಾಂಶ ಹಿಡಿಯಿರಿ. ಅಂಚೊಂದನ್ನು ಕ್ಲಿಕ್ ಮಾಡಿ ನುಣುಪಾಗಿಸುವ ಸೌಕರ್ಯವೂ ಇಲ್ಲಿಲ್ಲ. ಆದರೆ ಕೊಂಡಿ, ಗೂಡು, ಹಿಡಿಕೆಗಳಂಥ ಅಳತೆಯ ವಸ್ತುಗಳಿಗೆ ಇದಕ್ಕೆ ಸಾಟಿ ಕಡಿಮೆ. ಸ್ಕ್ರೂ ದಪ್ಪಕ್ಕೊಂದು ಹೆಸರಿಟ್ಟು ಎಲ್ಲ ತೂತುಗಳನ್ನೂ ಅದಕ್ಕೇ ಕಟ್ಟಿಹಾಕಿದ್ದರೆ, ಮೂರನ್ನು ನಾಲ್ಕು ಮಾಡಿದ ಕೂಡಲೇ ಇಡೀ ಭಾಗ ಹೊಸ ಅಳತೆಗೆ ಹೊಂದಿಕೊಳ್ಳುತ್ತದೆ. ಥ್ರೀಡಿ ಪ್ರಿಂಟರ್‌ಗೆಂದು ಹೊರತೆಗೆಯುವ ಎಸ್‌ಟಿಎಲ್ ಕಡತದಲ್ಲಿ ಆ ಹೆಸರಾಗಲಿ ಆ ನಂಟಾಗಲಿ ಉಳಿದಿರುವುದಿಲ್ಲ. ಅದರಲ್ಲಿ ಬರೀ ತ್ರಿಕೋನಗಳಿರುತ್ತವೆ. ಅಳತೆ ಮಿಲಿಮೀಟರೋ ಇಂಚೋ ಎಂಬುದೂ ಬರೆದಿರುವುದಿಲ್ಲ.