ಕಿಟಕಿ ಏರಿಸಿಕೊಂಡು ಬೈದರೆ ಸಿಟ್ಟು ಇಳಿಯುತ್ತದೆಯೇ?

ಪ್ರಶ್ನೆ: ಮನೆಯಲ್ಲಿ ನಾನು ದನಿ ಎತ್ತರಿಸಿ ಮಾತಾಡುವವನೇ ಅಲ್ಲ. ಸ್ಟೇರಿಂಗ್ ಹಿಡಿದ ಕೂಡಲೇ ಬಾಯಿಗೆ ಬರಬಾರದ್ದೆಲ್ಲ ಬರುತ್ತದೆ. ಕಿಟಕಿ ಏರಿಸಿಕೊಂಡು ಒಳಗೇ ನಾಲ್ಕು ಮಾತು ಬೈದುಕೊಂಡರೆ ಮನಸ್ಸು ಹಗುರಾಗುತ್ತದೆ, ಯಾರಿಗೂ ತೊಂದರೆಯಿಲ್ಲ. ಇದರಲ್ಲಿ ತಪ್ಪೇನು? ಇನ್ನು ಎದುರಿನವನೇ ಜಗಳಕ್ಕೆ ಬಂದರೆ ಏನು ಮಾಡಬೇಕು?

ಉತ್ತರ: ಚಿಕ್ಕಮಗಳೂರಿನಲ್ಲಿ ಡ್ರೈವಿಂಗ್ ಕಲಿಸುವವನಾಗಿ ಹೇಳುತ್ತೇನೆ, ಗ್ರೌಂಡಿನಲ್ಲಿ ಎಂಟು ಹಾಕುವುದು ಹೇಗೆ ಎಂದು ಕೇಳುವವರಿಗಿಂತ ಇದನ್ನು ಕೇಳುವವರೇ ಹೆಚ್ಚು. ಪ್ರತಿ ಬ್ಯಾಚಿಗೂ ಹೇಳಿದ್ದೇನೆ. ಆದರೂ ಮತ್ತೆ ಅದೇ ಮಾತು: ‘ಸಾರ್, ಕುಕ್ಕರ್ ವಿಷಲ್ ಹಾಕದಿದ್ದರೆ ಸಿಡಿಯುತ್ತೆ. ಸಿಟ್ಟೂ ಹಾಗೇ, ಹೊರಗೆ ಹಾಕಿಬಿಡಬೇಕು.’

ಈ ಕುಕ್ಕರ್ ಹೋಲಿಕೆಯನ್ನು ದಯವಿಟ್ಟು ಇವತ್ತಿಗೆ ಬಿಟ್ಟುಬಿಡಿ. ಸಿಟ್ಟು ಆವಿಯ ಹಾಗೆ ಒಳಗೆ ತುಂಬಿಕೊಂಡು ಕೂರುವ ವಸ್ತುವಲ್ಲ. ಅದಕ್ಕೆ ಹೋಲಿಕೆ ಬೇಕೇ ಬೇಕೆಂದರೆ ಸೌದೆ ಒಲೆ ಇದೆ. ಊದಿದಷ್ಟೂ ಉರಿಯುತ್ತದೆ, ಸುಮ್ಮನೆ ಬಿಟ್ಟರೆ ಕೆಂಡವಾಗಿ ಬೂದಿಯಾಗುತ್ತದೆ. ನೀವು ಕಾರಿನೊಳಗೆ ಬೈಯುವುದು ಊದುಕೊಳವೆ ಹಿಡಿದು ಊದಿದಂತೆ.

ಇದು ನನ್ನೊಬ್ಬನ ಅಭಿಪ್ರಾಯವೂ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ 2002ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. 600 ಕಾಲೇಜು ವಿದ್ಯಾರ್ಥಿಗಳಿಂದ ಪ್ರಬಂಧ ಬರೆಸಿ, ಅದನ್ನು ಬಹಳ ಕೆಟ್ಟದಾಗಿ ಹೀಯಾಳಿಸಿ ಬೇಕೆಂದೇ ಸಿಟ್ಟು ಬರಿಸಿದರು. ಕೆಲವರಿಗೆ ಹೀಯಾಳಿಸಿದವನನ್ನು ನೆನೆಯುತ್ತಾ ಬಾಕ್ಸಿಂಗ್ ಚೀಲಕ್ಕೆ ಗುದ್ದಲು ಹೇಳಿದರು. ಇನ್ನು ಕೆಲವರನ್ನು ಎರಡು ನಿಮಿಷ ಸುಮ್ಮನೆ ಕೂರಿಸಿದರು. ಕುಕ್ಕರ್ ಲೆಕ್ಕದ ಪ್ರಕಾರ ಗುದ್ದಿದವರು ತಣ್ಣಗಾಗಬೇಕಿತ್ತು. ಆದದ್ದು ತಿರುಗಾಮುರುಗ. ಅವರ ಸಿಟ್ಟೇ ಎಲ್ಲರಿಗಿಂತ ಹೆಚ್ಚಿತ್ತು. ಸುಮ್ಮನೆ ಕೂತವರೇ ಹೀಯಾಳಿಸಿದವನ ಮೇಲೆ ಕಡಿಮೆ ಸೇಡು ತೀರಿಸಿಕೊಂಡರು. ಇಂಥ 154 ಅಧ್ಯಯನಗಳನ್ನು, ಅಂದರೆ ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆ 2024ರಲ್ಲಿ ಬಂತು. ನಿಧಾನ ಉಸಿರಾಟ, ಧ್ಯಾನ, ಮೈ ಸಡಿಲಿಸುವುದು ಸಿಟ್ಟನ್ನು ಇಳಿಸುತ್ತವೆ. ಮೈ ಬಿಸಿ ಮಾಡುವ ಚಟುವಟಿಕೆಗಳು ಇಳಿಸುವುದಿಲ್ಲ. ಓಡಿ ಬೆವರು ಹರಿಸಿದರೂ ಸಿಟ್ಟು ಹೋಗುವುದಿಲ್ಲ ಎಂಬುದೂ ಅದರಲ್ಲಿತ್ತು.

‘ಆದರೆ ನನಗೆ ನಿಜವಾಗಿಯೂ ಹಗುರ ಅನಿಸುತ್ತದಲ್ಲ?’ ಅನಿಸುತ್ತದೆ, ಒಪ್ಪುತ್ತೇನೆ. ಬೈದಾಗ ಒಂದು ಸುಖವಿದೆ. ಆ ಸುಖಕ್ಕಾಗಿಯೇ ನಾಳೆ ಇನ್ನೂ ಚಿಕ್ಕ ಕಾರಣಕ್ಕೆ ಬೈಯುತ್ತೀರಿ. ಅಭ್ಯಾಸವಾಗುವುದು ಹೀಗೆ.

ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ಬೇಲೂರು ರಸ್ತೆಯಲ್ಲಿ ಒಬ್ಬರಿಗೆ ಕಲಿಸುತ್ತಿದ್ದೆ, ಮೆದು ಮಾತಿನ ಮನುಷ್ಯ. ಮುಂದೆ ಶುಂಠಿ ಮೂಟೆ ಹೇರಿದ ಟ್ರ್ಯಾಕ್ಟರ್. ಮೊದಲು ಗೊಣಗಿದರು, ಆಮೇಲೆ ಬೈಗುಳ ಶುರುವಾಯಿತು. ನಾನು ಅವರ ಕೈ ನೋಡುತ್ತಿದ್ದೆ. ಸ್ಟೇರಿಂಗ್ ಹಿಡಿದ ಹೆಬ್ಬೆರಳಿನ ಉಗುರು ಬೆಳ್ಳಗಾಗಿತ್ತು. ಟ್ರ್ಯಾಕ್ಟರ್ ಎಡಕ್ಕೆ ಮಣ್ಣುರಸ್ತೆಗೆ ಇಳಿದು ಹೋಯಿತು, ಮುಂದೆ ರಸ್ತೆ ಪೂರ್ತಿ ಖಾಲಿ. ಇವರು ಇನ್ನೂ ಬೈಯುತ್ತಲೇ ಇದ್ದರು, ಗಾಡಿ ಇನ್ನೂ ಸೆಕೆಂಡ್ ಗೇರಿನಲ್ಲೇ ಇತ್ತು. ಇಂಜಿನ್ ಕಿರುಚುತ್ತಿದ್ದದ್ದು ಅವರ ಕಿವಿಗೆ ಬಿದ್ದಿರಲೇ ಇಲ್ಲ. ತನ್ನ ಇಂಜಿನ್ನೇ ಕೇಳಿಸದವರಿಗೆ ಪಕ್ಕದಿಂದ ಬರುವ ಬೈಕ್ ಕಾಣುವುದುಂಟೇ? ಹಾಗಾಗಿ ಯಾರಿಗೂ ತೊಂದರೆಯಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಅವತ್ತು ಗಾಡಿ ಪಕ್ಕಕ್ಕೆ ಹಾಕಿಸಿ ಲೆಕ್ಕ ಮಾಡಿಸಿದೆ. ಎರಡು ಕಿಲೋಮೀಟರ್ ದೂರವನ್ನು ನಲವತ್ತರ ವೇಗದಲ್ಲಿ ಹೋದರೆ ಮೂರು ನಿಮಿಷ, ಟ್ರ್ಯಾಕ್ಟರ್ ಹಿಂದೆ ಇಪ್ಪತ್ತರಲ್ಲಿ ಹೋದರೆ ಆರು ನಿಮಿಷ. ಕಳೆದುಕೊಂಡದ್ದು ಮೂರು ನಿಮಿಷ. ಅವರು ಲೆಕ್ಕ ಮುಗಿಸಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹಾಗಾದರೆ ಸಿಟ್ಟು ಬಂದಾಗ ಮಾಡುವುದೇನು? ಮೊದಲು ಹಿಡಿತ ಸಡಿಲಿಸಿ, ಹಲ್ಲು ಕಚ್ಚಿದ್ದರೆ ಬಿಡಿ. ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ, ಉದ್ದವಾಗಿ ಹೊರಗೆ ಬಿಡಿ. ಹಾಗೆ ಬಿಡುವಾಗ ಎದೆಬಡಿತ ತಾನಾಗಿ ತಗ್ಗುತ್ತದೆ. ಮುಂದಿನ ಗಾಡಿಯಿಂದ ಅಂತರ ಹೆಚ್ಚಿಸಿ. ಸಿಟ್ಟಿನಲ್ಲಿ ನಾವೆಲ್ಲ ಮುಂದಿನವನ ಬಂಪರಿಗೆ ಅಂಟಿಕೊಳ್ಳುತ್ತೇವೆ, ಅರವತ್ತರ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತೇವೆ ಎಂಬುದೇ ಮರೆತುಹೋಗಿರುತ್ತದೆ. ಬಾಯಿ ಸುಮ್ಮನಿರಲು ಒಪ್ಪದಿದ್ದರೆ ಅದಕ್ಕೊಂದು ಕೆಲಸ ಕೊಡಿ: ಕಂಡದ್ದನ್ನು ಗಟ್ಟಿಯಾಗಿ ಹೇಳುತ್ತಾ ಹೋಗಿ. ‘ಮುಂದೆ ಲಾರಿ, ಬಲಕ್ಕೆ ತಿರುವು, ಎಡಕ್ಕೆ ಹಸು, ಬಸ್ ಸ್ಟಾಪಿನಲ್ಲಿ ಮಕ್ಕಳು.’ ನನ್ನ ಹತ್ತಿರ ಕಲಿತವರು ಇದನ್ನು ಮೊದಲು ಸಂಕೋಚದಿಂದಲೇ ಮಾಡುತ್ತಾರೆ. ವರ್ಷಗಳಾದ ಮೇಲೆ ಸಿಕ್ಕಾಗ ‘ಈಗಲೂ ಹೇಳಿಕೊಂಡೇ ಓಡಿಸ್ತೀನಿ ಸಾರ್’ ಅನ್ನುತ್ತಾರೆ. ಅದನ್ನು ಕೇಳುವುದು ನನಗೆ ದೊಡ್ಡ ಸಂತೋಷ.

ಎದುರಿನವನು ಜಗಳಕ್ಕೆ ಬಂದರೆ ಉತ್ತರ ಚಿಕ್ಕದು. ಇಳಿಯಬೇಡಿ. ಬಾಗಿಲು ಲಾಕ್ ಇರಲಿ, ಕಣ್ಣಿಗೆ ಕಣ್ಣು ಸೇರಿಸಬೇಡಿ. ಅವನು ಓವರ್‌ಟೇಕ್ ಮಾಡುತ್ತಿದ್ದರೆ ಮಾಡಲಿ. ಹಿಂದಿಕ್ಕುವವನನ್ನು ತಡೆಯಲು ವೇಗ ಹೆಚ್ಚಿಸುವುದು ನಿಮ್ಮದೇ ನಿಯಮಭಂಗ. ಬೆನ್ನು ಬಿದ್ದು ಬಂದರೆ ಮನೆ ಕಡೆ ತಿರುಗಬೇಡಿ. ಜನರಿರುವ ಪೆಟ್ರೋಲ್ ಬಂಕಿಗೋ ಪೊಲೀಸ್ ಠಾಣೆಗೋ ಹೋಗಿ, 112ಕ್ಕೆ ಕರೆ ಮಾಡಿ. ಗಾಡಿ ಅಡ್ಡ ಹಾಕಿ ದಾರಿ ತಡೆಯುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಂ ಪ್ರಕಾರ ಅಪರಾಧ. ಸಿಟ್ಟಿನಲ್ಲಿ ನೀವು ಅಡ್ಡ ಹಾಕಿದರೂ ಅದೇ ಕಲಂ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಊರಿನ ಅರ್ಧ ಜಗಳ ಹುಟ್ಟುವುದೇ ಅಲ್ಲಿ. ಶನಿವಾರ ಬೆಳಿಗ್ಗೆ ಗಿರಿಗೆ ಹೋಗುವ ದಾರಿಯಲ್ಲಿ ಕೈಮರ ದಾಟಿದರೆ ಪ್ರವಾಸಿಗರ ಸಾಲುಗಾಡಿ. ಬೆಂಗಳೂರಿನ ನಂಬರ್ ಪ್ಲೇಟ್ ಕಂಡರೆ ಸಾಕು, ನಮ್ಮ ಕೆಎ 18ರವರಿಗೆ ಸಿಟ್ಟು ಸಿದ್ಧವಾಗಿರುತ್ತದೆ. ಸೀತಾಳಯ್ಯನಗಿರಿಯ ಕಡೆ ಕಿರಿದಾದ ತಿರುವಿನಲ್ಲಿ ಮೇಲಿನಿಂದ ಕಾರು, ಕೆಳಗಿನಿಂದ ಜೀಪು, ಮೂಗಿಗೆ ಮೂಗು. ಯಾರು ದಾರಿ ಬಿಡಬೇಕು?

ಇಳಿಯುವವರು ಬಿಡಬೇಕು. ಗುಡ್ಡದ ಕಿರಿದಾದ ರಸ್ತೆಯಲ್ಲಿ ಎರಡು ಗಾಡಿ ಸಲೀಸಾಗಿ ಹಾಯುವಷ್ಟು ಜಾಗವಿಲ್ಲದಿದ್ದರೆ, ಇಳಿಯುವ ಗಾಡಿ ಪಕ್ಕಕ್ಕೆ ನಿಂತು ಹತ್ತುವ ಗಾಡಿಗೆ ದಾರಿ ಕೊಡಬೇಕೆಂದು ರಸ್ತೆ ನಿಯಮವೇ ಹೇಳುತ್ತದೆ. ಕಾರಣವೂ ಸರಳ. ಏರಿನಲ್ಲಿ ನಿಂತ ಗಾಡಿ ಮತ್ತೆ ಹೊರಡಬೇಕಾದರೆ ಹ್ಯಾಂಡ್ ಬ್ರೇಕ್, ಅರ್ಧ ಕ್ಲಚ್ ಎಲ್ಲ ಸರಿಹೊಂದಬೇಕು; ಒಂದು ಗಳಿಗೆ ತಪ್ಪಿದರೆ ಹಿಂದಕ್ಕೆ ಜಾರುತ್ತದೆ. ತುಂಬಿದ ಲಾರಿಯಾದರೆ ಇನ್ನೂ ಕಷ್ಟ. ಇಳಿಯುವವನಿಗೆ ಬ್ರೇಕ್ ಬಿಟ್ಟರೆ ಸಾಕು, ಗಾಡಿ ತಾನೇ ಹೊರಡುತ್ತದೆ. ಚಾರ್ಮಾಡಿಯಲ್ಲೂ ಶಿರಾಡಿಯಲ್ಲೂ ರಸ್ತೆ ಕಿರಿದಾದಲ್ಲೆಲ್ಲ ಇದೇ ನಿಯಮ. ಇಳಿಯುವವನ ಹಿಂದೆ ಬಸ್ಸು ಸಿಕ್ಕಿಕೊಂಡಿದ್ದು, ಹತ್ತುವವನ ಹಿಂದೆಯೇ ಅಗಲ ಜಾಗವಿದ್ದರೆ ಮಾತ್ರ ಹತ್ತುವವನು ನಾಲ್ಕು ಮಾರು ಹಿಂದೆ ಸರಿಯುವುದು ಒಳ್ಳೆಯದು. ಅದನ್ನು ಇಬ್ಬರೂ ಕೈಸನ್ನೆಯಲ್ಲೇ ತೀರ್ಮಾನಿಸಿಕೊಳ್ಳಬಹುದು.

ಇಳಿಯುವಾಗ ಕೆಳಗಿನ ತಿರುವಿನಲ್ಲಿ ಗಾಡಿ ಕಂಡರೆ ಮುಂದೆ ನುಗ್ಗಬೇಡಿ. ಅಗಲವಿರುವಲ್ಲೇ ನಿಂತು ಲೈಟ್ ಡಿಮ್ ಮಾಡಿ. ಹಳೆಯ ಜೀಪ್ ಡ್ರೈವರುಗಳು ಹಾಯ್ದು ಹೋಗುವಾಗ ಸ್ಟೇರಿಂಗ್ ಬಿಡದೆ ನಾಲ್ಕು ಬೆರಳು ಎತ್ತುತ್ತಾರೆ. ನೀವೂ ಎತ್ತಿ.